ಡೆತ್ ಮೆಟಲ್ಲು ಮತ್ತು ನಮ್ಮೂರ ಡೊಳ್ಳು

ಎಂಟನೆಯ ವರ್ಗದ ಹುಡುಗನೊಬ್ಬನ ಕನ್ನಡ ವಹಿಯ ಕೊನೆಯ ಪುಟಗಳಲ್ಲಿ ಇಂಗ್ಲಿಷ್ ಹಾಡುಗಳು ಕನ್ನಡ ಲಿಪಿಯಲ್ಲಿ ಬರೆದಿದ್ದವು. ಕೆಳಗೆ ಪೆನ್ಸಿಲ್‌ನಲ್ಲಿ ಅರ್ಥ! ಕೆಲವು ಸರಿ, ಕೆಲವು ತಪ್ಪು. ಏನಪ್ಪಾ ಇದು ಎಂದು ಕೇಳಿದೆವು. "ಡೆತ್ ಮೆಟಲ್ ರೀ ಸರ, ನಮ್ಮ ಮುಂಬೈದವರದು" ಎಂದ. ಪುಣೆಯಲ್ಲಿ ಕೆಲಸಕ್ಕಿರುವ ಅಣ್ಣ ಮೊಬೈಲಿನಲ್ಲಿ ಹಾಕಿಕೊಟ್ಟಿದ್ದನಂತೆ.

ಸ್ಟಾಫ್ ರೂಮಿನಲ್ಲಿ ಗದ್ದಲವೇ ಆಯಿತು. ತಂಡದ ಹೆಸರು ಡೀಮೋನಿಕ್ ರೆಸರೆಕ್ಷನ್, ಅಂದರೆ ರಾಕ್ಷಸರು ಮತ್ತೆ ಎದ್ದು ಬರುವುದು. ಆಲ್ಬಮ್ಮಿನ ಹೆಸರು 'ಎ ಡಾರ್ಕ್‌ನೆಸ್ ಡಿಸೆಂಡ್ಸ್', ಕತ್ತಲು ಇಳಿಯುತ್ತದೆ. ಪಾಲಕರನ್ನು ಕರೆಸಿರಿ, ಮೊಬೈಲ್ ಕಸಿದುಕೊಳ್ಳಿರಿ ಎಂದರು. ನಾವು ಹೇಳಿದ್ದು ಇಷ್ಟೇ: ಮೊದಲು ಕೇಳೋಣ, ಆಮೇಲೆ ಬೈಯೋಣ.

ಕೇಳಿದೆವು. ನಿಜ ಹೇಳುತ್ತೇವೆ, ಮೊದಲ ಹಾಡಿಗೇ ತಲೆ ಗಿಮ್ಮೆಂದಿತು. ಗಂಟಲಿನ ಆಳದಿಂದ ಹುಲಿ ಗುರುಗುಟ್ಟಿದಂಥ ದನಿ. ಮಾತಾಡುವ ಧ್ವನಿತಂತುಗಳ ಮೇಲಿರುವ ಇನ್ನೊಂದು ಜೊತೆ ಮಡಿಕೆಗಳನ್ನು ನಡುಗಿಸಿ ಈ ದನಿ ತೆಗೆಯುತ್ತಾರಂತೆ, ಅಭ್ಯಾಸವಿಲ್ಲದೆ ಕೂಗಿದರೆ ಗಂಟಲು ಕೆಡುತ್ತದೆ. ಡ್ರಮ್ ಬಾರಿಸುವವನು ಎರಡೂ ಕಾಲುಗಳಿಂದ ಪೆಡಲ್ ತುಳಿಯುತ್ತ ಒಂದೇ ಸಮನೆ ಗುಡುಗಿಸುತ್ತಾನೆ. ನಡುನಡುವೆ ಕೀಬೋರ್ಡು, ಶುದ್ಧ ಕಂಠದ ಹಾಡಿಕೆ ಬಂದಾಗ ನಮಗೆ ಸ್ವಲ್ಪ ಉಸಿರಾಡಲು ಬಿಡುವು! ಮೂರನೆಯ ಸಲ ಕೇಳಿದಾಗ ಲಯ ಸಿಕ್ಕಿತು. ಇಷ್ಟವಾಯಿತು ಎನ್ನಲಾರೆವು. ಆದರೆ ಇದು ಹುಚ್ಚರ ಕೂಗಾಟವಲ್ಲ, ಎಣಿಸಿ ತೂಗಿ ಮಾಡಿದ ಕೆಲಸ.

ಈ ಜಾತಿಯ ಸಂಗೀತ 1980ರ ದಶಕದಲ್ಲಿ ಅಮೆರಿಕದ ಫ್ಲೋರಿಡಾ ಕಡೆ ಬಲಿತದ್ದು. 'ಡೆತ್' ಎಂಬ ತಂಡ ತನ್ನ ಎರಡನೆಯ ಆಲ್ಬಮ್ಮಿಗೆ 1988ರಲ್ಲಿ 'ಲೆಪ್ರಸಿ', ಅಂದರೆ ಕುಷ್ಠರೋಗ ಎಂದೇ ಹೆಸರಿಟ್ಟಿತ್ತು. ಹೆಸರು ಕೇಳಿ ಓಡಿಹೋಗುವಂತೆ ಮಾಡುವುದೇ ಇವರ ಪದ್ಧತಿ. ಕೆಲ ತಂಡಗಳ ಹಾಡುಗಳಲ್ಲಿ ಬರೀ ರಕ್ತಪಾತ, ಅವನ್ನು ಮಕ್ಕಳಿಗೆ ಕೊಡಬೇಕೆಂದು ನಾವೂ ಹೇಳುವುದಿಲ್ಲ. ಅದನ್ನು ಕುಳಿತು ಮಕ್ಕಳಿಗೆ ಹೇಳಬೇಕೇ ಹೊರತು ವಹಿ ಹರಿಯುವುದಲ್ಲ.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. ಸಾಹಿಲ್ ಮಖಿಜಾ ಎಂಬವರ ಈ ಮುಂಬೈ ತಂಡದ ಮೊದಲ ಆಲ್ಬಮ್ ಬಂದದ್ದು 2000ದಲ್ಲಿ, ಎರಡನೆಯದು 2005ರಲ್ಲಿ. ನಡುವೆ ಐದು ವರ್ಷ! ಈ ಹಾಡಿಗೆ ನಮ್ಮ ದೇಶದಲ್ಲಿ ಸಿನೆಮಾ ಹಾಡಿನಂಥ ಮಾರುಕಟ್ಟೆ ಎಲ್ಲಿಯದು? ಕಂಪನಿಯವರ ದಾರಿ ಕಾಯದೆ ಮಖಿಜಾ ತಮ್ಮದೇ 'ಡೀಮನ್‌ಸ್ಟೀಲರ್ ರೆಕಾರ್ಡ್ಸ್' ಹೆಸರಿನಲ್ಲಿ ಹೊರತಂದರು. ಮೊದಲನೆಯದನ್ನು ಹುರುಪಿನಲ್ಲಿ ಯಾರಾದರೂ ಮಾಡಿಯಾರು. ಎರಡನೆಯದಕ್ಕೆ ಹಟ ಬೇಕು. 2017ರಲ್ಲಿ ಇದೇ ತಂಡ 'ದಶಾವತಾರ್' ಎಂಬ ಆಲ್ಬಮ್ ಮಾಡಿತು. ಮತ್ಸ್ಯ, ಕೂರ್ಮ, ವರಾಹ, ನರಸಿಂಹ... ಒಂದೊಂದು ಅವತಾರಕ್ಕೆ ಒಂದೊಂದು ಹಾಡು! ರಾಕ್ಷಸರೆಂದು ಬೈದವರು ಈಗ ಏನೆನ್ನುತ್ತೀರಿ?

ಇನ್ನು ನಮ್ಮ ಹುಲಜಂತಿಗೆ ಬರೋಣ. ದೀಪಾವಳಿಗೆ ಗುರು ಬೀರಪ್ಪ, ಶಿಷ್ಯ ಮಾಳಿಂಗರಾಯರ ಪಲ್ಲಕ್ಕಿಗಳ ಭೇಟಿ ಆಗುವಾಗ ಭಂಡಾರದಿಂದ ಊರೇ ಹಳದಿ. ಸಾಲಾಗಿ ನಿಂತು ಡೊಳ್ಳು ಬಾರಿಸಿದರೆ ಎದೆಯೊಳಗೆ ಗುದ್ದಿದಂತಾಗುತ್ತದೆ. ಆ ಹುಡುಗನ ಡ್ರಮ್ಮಿಗಿಂತ ಅದೇನು ಕಡಿಮೆ? ರಾತ್ರಿಯಿಡೀ ಎರಡು ಮೇಳಗಳು ಎದುರುಬದುರು ಕೂತು ಸವಾಲು-ಜವಾಬಿನಲ್ಲಿ ಹಾಡುತ್ತವೆ, ಅದೂ ಅಚ್ಚ ಕನ್ನಡದಲ್ಲಿ. ಮಹಾರಾಷ್ಟ್ರದ ನೆಲದ ಮೇಲೆ ಇಷ್ಟು ಗಟ್ಟಿಯಾಗಿ ಕನ್ನಡ ಕೇಳುವ ಜಾಗ ಬೇರೆ ಯಾವುದು, ಹೇಳಿರಿ? ಇದೂ ಸಿಕ್ಕದಿದ್ದರೆ ಕನ್ನಡವೆಂದರೆ ಬಾಲಭಾರತಿಯ ಪುಸ್ತಕದೊಳಗಿನದು ಮಾತ್ರ ಎಂದು ನಮ್ಮ ಮಕ್ಕಳು ತಿಳಿದಾರು.

ಆದರೆ ನಾವು ಏನು ಮಾಡಿದ್ದೇವೆ? ಹತ್ತಾರು ಮೊಬೈಲ್‌ಗಳಲ್ಲಿ ತುಂಡು ತುಂಡು ಚಿತ್ರೀಕರಣ. ಹಾಡಿದವರ ಹೆಸರಿಲ್ಲ, ಪದ ಕಟ್ಟಿದವರ ಹೆಸರಿಲ್ಲ, ಯಾವ ಊರಿನ ಮೇಳವೆಂಬುದೂ ಇಲ್ಲ. ಮುಂದಿನ ವರ್ಷ ಮೊಬೈಲ್ ಬದಲಾದರೆ ಅದೂ ಹೋಯಿತು. ಮುಂಬೈ ಹುಡುಗರ ಆಲ್ಬಮ್ಮಿನ ಇಸವಿ, ಹಾಡುಗಾರ, ವಾದ್ಯಗಾರ ಎಲ್ಲ ನಮ್ಮ ವಿದ್ಯಾರ್ಥಿಗೆ ಬಾಯಿಪಾಠ. ಅವನ ಸ್ವಂತ ಅಜ್ಜ ಡೊಳ್ಳಿನ ಮೇಳದಲ್ಲಿ ಹಿಮ್ಮೇಳದವರು. ಅವರು ಯಾವ ಪದ ಹಾಡುತ್ತಾರೆಂದು ಕೇಳಿದರೆ ಹುಡುಗ ತಲೆ ಕೆರೆದುಕೊಂಡ. ಇದು ಅವನ ತಪ್ಪೇ? ಅಜ್ಜನ ಪದವನ್ನು ಯಾವ ಮಾಸ್ತರರೂ ಅವನ ವಹಿಯಲ್ಲಿ ಬರೆಸಲಿಲ್ಲ, ನಾವೂ ಬರೆಸಲಿಲ್ಲ.

ಆದ್ದರಿಂದ ಗಡಿಭಾಗದ ಶಿಕ್ಷಕ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಶನಿವಾರದ ಕೊನೆಯ ತಾಸು ಡೊಳ್ಳಿನ ಪದಕ್ಕೆ ಕೊಡಿರಿ. ಮಕ್ಕಳು ಹಾಡುವವರ ಎದುರು ಕೂತು ಬರೆದುಕೊಳ್ಳಲಿ, ಪೂರ್ತಿ ಹಾಡನ್ನು ಮೊಬೈಲಿನಲ್ಲಿ ಹಿಡಿಯಲಿ, ಹೆಸರು-ಊರು-ತಾರೀಖು ಹಾಕಲಿ. ಹಾಡಿದವರ ಒಪ್ಪಿಗೆ ಕೇಳುವುದನ್ನು ಮರೆಯಬಾರದು. ಅರ್ಥ ಬರೆಯುವ ರೂಢಿ ಇದ್ದವನೊಬ್ಬ ನಮ್ಮಲ್ಲಿ ಆಗಲೇ ಇದ್ದಾನೆ, ಅವನ ವಹಿ ಅವನಿಗೆ ಮರಳಿ ಕೊಟ್ಟಿದ್ದೇವೆ.

ಹಳೆಯ ಡೊಳ್ಳಿನ ಪದದ ಕ್ಯಾಸೆಟ್ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಶಾಲೆಗೆ ತಂದುಕೊಡಿರಿ. ಟೇಪ್ ರೆಕಾರ್ಡರ್ ನಮ್ಮಲ್ಲಿದೆ, ಬೆಲ್ಟ್ ಒಂದು ಹಾಕಿಸಬೇಕು.