ಕಾದಾಳಿನ ಪಾಡು

ಕಳೆದ ಸಂಚಿಕೆಯಲ್ಲಿ ನಾವು ಚೌಕಾಬಾರದ ಕವಡೆಗಳನ್ನು ನೆನೆದು ಎರಡು ಪುಟ ಹರಟಿದ್ದೆವು. ಅದನ್ನೋದಿದ ವಾಚಕರೊಬ್ಬರು, "ನಿಮ್ಮ ಕಾಲದ ಆಟವಾಯಿತು, ಈಗಿನ ಮಕ್ಕಳ ಆಟದ ವಿಷಯವನ್ನೂ ಬರೆಯಿರಿ" ಎಂದು ಕಾಗದ ಹಾಕಿದ್ದಾರೆ. ಹಾಕದಿದ್ದರೂ ಬರೆಯುವವರೇ ಇದ್ದೆವು. ಏಕೆಂದರೆ ಈ ಬೇಸಗೆಯ ರಜೆಯಲ್ಲಿ ಡೊಂಬಿವಲಿಯ ನಮ್ಮ ಮನೆಯ ಊಟದ ಮೇಜು ಹದಿನೈದು ದಿನ ನಮ್ಮ ವಶದಲ್ಲಿರಲಿಲ್ಲ. ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡೆವು. ಮೇಜಿನ ಮೇಲೆ ದಾಳಗಳು, ಚೌಕುಳಿ ಕಾಗದ, ದಪ್ಪ ದಪ್ಪ ಪುಸ್ತಕಗಳು, ಚುರುಮುರಿಯ ಬೋಗುಣಿ. ಸುತ್ತಲೂ ಮೊಮ್ಮಕ್ಕಳು, ನೆರೆಮನೆಯ ಮಕ್ಕಳು. ತಲೆಯ ಸ್ಥಾನದಲ್ಲಿ ನಮ್ಮ ಅಳಿಯಂದಿರು.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಒಬ್ಬರು ಸೂತ್ರಧಾರರಾಗಿ ಕಥೆ ಹೇಳಬೇಕು. ಉಳಿದವರು ಒಂದೊಂದು ಪಾತ್ರ ವಹಿಸಿ, ಕುಳಿತಲ್ಲೇ ಮಾತಿನಲ್ಲಿ ಅದನ್ನು ಆಡಿಸಬೇಕು. ವೇಷವಿಲ್ಲ, ಕುಣಿತವಿಲ್ಲ. ತಾಳಮದ್ದಲೆ ಕೇಳಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ವ್ಯತ್ಯಾಸವಿಷ್ಟೆ: ಇಲ್ಲಿ ಎಟು ಬಿತ್ತೋ ತಪ್ಪಿತೋ ಎಂಬುದನ್ನು ಇಪ್ಪತ್ತು ಮುಖದ ದಾಳವೊಂದು ತೀರ್ಮಾನಿಸುತ್ತದೆ.

ಪಾತ್ರಗಳನ್ನು ಹಂಚುವಾಗ ದೊಡ್ಡ ಮೊಮ್ಮಗ ಮಾಂತ್ರಿಕನಾದ. ಹನ್ನೊಂದು ವರ್ಷದ ತಂಗಿಗೆ, "ನೀನು ಫೈಟರ್ ತಗೋ, ಅದರಲ್ಲಿ ಯೋಚನೆ ಮಾಡೋದು ಏನೂ ಇರಲ್ಲ" ಎಂದ. ಹುಡುಗಿ ಒಪ್ಪಿದಳು. ನಾಲ್ಕಾರು ದಿನ ಚೆನ್ನಾಗಿಯೇ ನಡೆಯಿತು. ಬರುಬರುತ್ತ ಅಣ್ಣನ ಮಾಂತ್ರಿಕ ಹಾರತೊಡಗಿದ, ಮಾಯವಾಗತೊಡಗಿದ, ಬೆಂಕಿಯುಂಡೆ ಎಸೆದು ಒಂದೇ ಸಲಕ್ಕೆ ಹತ್ತು ಮಂದಿಯನ್ನು ಕೆಡವತೊಡಗಿದ. ಇವಳದು ಮಾತ್ರ "ಹೊಡೆದೆ, ತಪ್ಪಿತು, ಹೊಡೆದೆ". ಹತ್ತನೆಯ ದಿನ ಶತ್ರುಪಕ್ಷದ ಮಂತ್ರವಾದಿಯೊಬ್ಬ ಇವಳ ವೀರನ ಮೇಲೆ ವಶೀಕರಣ ಮಾಡಿದ. ಮನೋಬಲದ ದಾಳ ಎಸೆದಳು, ಸಾಲಲಿಲ್ಲ. ಪುಸ್ತಕದ ಪ್ರಕಾರ ಆ ವಶೀಕರಣ ದಿನಗಟ್ಟಲೆ ಇರುತ್ತದಂತೆ. ಅಲ್ಲಿಂದ ಮುಂದೆ ಅವಳ ಪಾತ್ರವನ್ನು ಅಪ್ಪನೇ ಆಡಿಸಿ ಅವಳ ಗೆಳೆಯರನ್ನೇ ಹೊಡೆಸಿದರು. ಅವಳು ಕೈಕಟ್ಟಿ ನೋಡುತ್ತಿದ್ದು, ಆಮೇಲೆ ಮೆಲ್ಲಗೆ ಎದ್ದು ಅಡಿಗೆಮನೆಗೆ ಹೋಗಿ ಅಜ್ಜಿಯ ಜೊತೆ ಅವರೆಕಾಯಿ ಸುಲಿಯುತ್ತ ಕುಳಿತಳು.

ರಾತ್ರಿ ನಮ್ಮ ಹಾಸಿಗೆಯ ಬಳಿ ಬಂದು ಕೇಳಿದಳು: "ಅಜ್ಜಾ, ಶಕ್ತಿ ಇರೋನಿಗೆ ಬೇರೆ ಏನೂ ಕೊಡಬಾರದು ಅಂತ ಯಾರು ಬರೆದಿದ್ದು?"

ಇದಕ್ಕೆ ಉತ್ತರ ಹುಡುಕಲು ನಾವು ಅಳಿಯಂದಿರ ಪುಸ್ತಕಗಳಿಗೆ ಕೈಹಾಕಿದೆವು, ಸಿಕ್ಕದ್ದನ್ನು ಬೇರೆಡೆ ಅರಸಿದೆವು. ಅರ್ಧ ಶತಮಾನದಿಂದ ಜಾಣರು ತಲೆಕೆಡಿಸಿಕೊಂಡ ಪ್ರಶ್ನೆಯನ್ನೇ ಹುಡುಗಿ ಕೇಳಿದ್ದಳೆಂದು ಗೊತ್ತಾಯಿತು.

ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ಲೇಕ್ ಜಿನೀವಾ ಎಂಬ ಸಣ್ಣ ಊರು. ಅಲ್ಲಿ ಗ್ಯಾರಿ ಗೈಗ್ಯಾಕ್ಸ್ ಎಂಬಾತ ವಿಮಾ ಕಂಪನಿಯ ಕೆಲಸ ಹೋದ ಮೇಲೆ ಜೋಡು ರಿಪೇರಿ ಮಾಡಿಕೊಂಡು ಸಂಸಾರ ತೂಗಿಸುತ್ತಿದ್ದ. ಈತನೂ ಜೆಫ್ ಪೆರೆನ್ ಎಂಬಾತನೂ ಸೇರಿ 1971ರಲ್ಲಿ ಚೈನ್‌ಮೇಲ್ ಎಂಬ ಯುದ್ಧದಾಟದ ನಿಯಮಗಳನ್ನು ಅಚ್ಚು ಹಾಕಿಸಿದರು. ಅದು ಪುಟ್ಟ ಗೊಂಬೆಗಳ ದಂಡನ್ನು ಮೇಜಿನ ಮೇಲೆ ನಡೆಸುವ ಆಟ. ಅದರಲ್ಲಿ ಹೀರೋ ಎಂಬವನು ನಾಲ್ಕು ಆಳಿಗೆ ಸಮ, ಸೂಪರ್‌ಹೀರೋ ಎಂಬವನು ಎಂಟು ಆಳಿಗೆ ಸಮ. ಪಕ್ಕದ ಮಿನ್ನೆಸೋಟದ ಡೇವ್ ಆರ್ನೆಸನ್ ಎಂಬಾತ, ದಂಡಿನ ಬದಲು ಒಬ್ಬೊಬ್ಬ ಆಟಗಾರನಿಗೆ ಒಂದೊಂದೇ ಪಾತ್ರವನ್ನು ಕೊಟ್ಟು ಆಡಿಸಿ ನೋಡಿದ. ಇವೆರಡೂ ಕೂಡಿ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಯಿತು. ಮೂರು ಕಿರುಹೊತ್ತಗೆಗಳ ಒಂದು ಪೆಟ್ಟಿಗೆ, ಮೊದಲ ಸಲ 1,000 ಪ್ರತಿ.

ಆಗ ಪಾತ್ರವರ್ಗಗಳು ಮೂರೇ. ಮಾಂತ್ರಿಕ, ಪುರೋಹಿತ, ಇನ್ನೊಬ್ಬ ಫೈಟಿಂಗ್ ಮ್ಯಾನ್. ಈ ಮೂರನೆಯ ಹೆಸರನ್ನು ಕನ್ನಡಿಸಲು ನಾವು ಒಂದು ಕ್ಷಣವೂ ತಡಕಾಡಲಿಲ್ಲ: ಕಾದಾಳು! 1978ರ ಪುಸ್ತಕದಲ್ಲಿ ಅದನ್ನು ಫೈಟರ್ ಎಂದು ಮೊಟಕು ಮಾಡಿದರು. ನಮಗೆ ಹಳೆಯದೇ ಇಷ್ಟ.

ಈ ಮೊದಲ ಕಾದಾಳಿನ ಕೈಯಲ್ಲಿ ಯಾವ ಚಮತ್ಕಾರವೂ ಇರಲಿಲ್ಲ. ಕತ್ತಿಯಾಗಲಿ ಕಠಾರಿಯಾಗಲಿ ಎಲ್ಲ ಆಯುಧಕ್ಕೂ ಆರು ಮುಖದ ಒಂದೇ ದಾಳ. ಆಯುಧಕ್ಕೊಂದು ದಾಳ ಬಂದದ್ದು 1975ರ ಪುರವಣಿಯಲ್ಲಿ. ಆದರೂ ಅವನು ಬಡವನಾಗಿರಲಿಲ್ಲ. ಮಂತ್ರಶಕ್ತಿಯುಳ್ಳ ಖಡ್ಗಗಳು ಅವನಿಗೇ ಮೀಸಲು. ಅವುಗಳಲ್ಲಿ ಕೆಲವಕ್ಕೆ ಬುದ್ಧಿ, ಮಾತು, ಹಟ ಎಲ್ಲ ಉಂಟು. ಎರಡನೆಯ ಮಟ್ಟಕ್ಕೇರಲು ಅವನಿಗೆ 2,000 ಅನುಭವಾಂಕ ಸಾಕು, ಮಾಂತ್ರಿಕನಿಗೆ 2,500 ಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಒಂಬತ್ತನೆಯ ಮಟ್ಟ. ಅಲ್ಲಿಯವರೆಗೆ ಬದುಕಿದರೆ ಅವನು ಲಾರ್ಡ್, ನಮ್ಮ ಮಾತಿನಲ್ಲಿ ಪಾಳೆಯಗಾರ. ಕೋಟೆ ಕಟ್ಟಬಹುದು, ಸುತ್ತಿನ ಸೀಮೆಯನ್ನು ಆಳಬಹುದು. 1978ರ ಪುಸ್ತಕದಲ್ಲಿ ಕಂದಾಯದ ಲೆಕ್ಕವೂ ಇದೆ: ಸೀಮೆಯ ತಲೆಯೊಂದಕ್ಕೆ ತಿಂಗಳಿಗೆ 7 ಬೆಳ್ಳಿ ನಾಣ್ಯ. ಹೆಸರು ಕೇಳಿ ದಂಡು ತಾನಾಗಿಯೇ ಬಂದು ಸೇರುತ್ತದೆ. ಪುರೋಹಿತನಿಗೂ ಇಂಥ ಏರ್ಪಾಡು ಉಂಟು. ಮಾಂತ್ರಿಕನಿಗೆ ಹಾಗೆ ಬಂದು ಸೇರುವ ದಂಡಿಲ್ಲ. ಅಲ್ಲದೆ ಮಂತ್ರ ಪಠಿಸುವಾಗ ಅವನ ಮೈಗೆ ಒಂದು ಪೆಟ್ಟು ಬಿದ್ದರೆ ಮಂತ್ರವೇ ಕೆಟ್ಟುಹೋಗುತ್ತಿತ್ತು. ಆದುದರಿಂದ ಕಾದಾಳು ಅಡ್ಡ ನಿಂತರೆ ತಾನೆ ಮಾಂತ್ರಿಕನ ಆಟ! ಮಾಟಮಂತ್ರಗಳಿಂದ ತಪ್ಪಿಸಿಕೊಳ್ಳುವ ದಾಳದಲ್ಲಿಯೂ ಮಟ್ಟ ಏರಿದ ಕಾದಾಳು ಗಟ್ಟಿಗನೇ.

ಅದೇ 1978ರ ಪುಸ್ತಕದಲ್ಲಿ ಒಂದು ಕೆಟ್ಟ ನಿಯಮವೂ ಇತ್ತು. ಹೆಣ್ಣು ಪಾತ್ರದ ದೇಹಬಲಕ್ಕೆ ಗಂಡಿಗಿಂತ ಕಡಿಮೆಯ ಮಿತಿ. ಇದನ್ನು ಮೊಮ್ಮಗಳಿಗೆ ಹೇಳಿದಾಗ ಅವಳು ನಮ್ಮನ್ನೇ ದುರುಗುಟ್ಟಿ ನೋಡಿದಳು, ನಾವೇ ಬರೆದೆವೋ ಎಂಬಂತೆ. 1989ರ ಎರಡನೆಯ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದರೆಂದು ಹೇಳಿದ ಮೇಲೆಯೇ ಮುಖ ಸಡಿಲಾದದ್ದು.

ನಮ್ಮ ಮನೆಯ ದುರಂತಕ್ಕೆ ಕಾರಣವಾದದ್ದು 2000ದ ಮೂರನೆಯ ಆವೃತ್ತಿ. ಅಳಿಯಂದಿರು ಕಾಲೇಜಿನ ದಿನಗಳಿಂದ ಜೋಪಾನವಾಗಿಟ್ಟದ್ದು ಅದನ್ನೇ 2003ರಲ್ಲಿ ತಿದ್ದಿ ಅಚ್ಚು ಮಾಡಿದ ಪುಸ್ತಕ. ಇದನ್ನು ರಚಿಸಿದವರು ಕಾದಾಳಿಗೆ ಮೋಸ ಮಾಡಬೇಕೆಂದು ಹೊರಟವರಲ್ಲ. ಫೀಟ್ ಎಂಬ ವಿಶೇಷ ಪಟ್ಟುಗಳನ್ನು ಕಲ್ಪಿಸಿ, ಬೇರೆಯವರಿಗಿಂತ 11 ಹೆಚ್ಚಾಗಿ ಅವನಿಗೇ ಕೊಟ್ಟರು. ಆದರೆ ಒಂದು ಕೈಯಿಂದ ಕೊಟ್ಟು ಇನ್ನೊಂದರಿಂದ ಕಿತ್ತುಕೊಂಡದ್ದನ್ನು ಅವರು ಲೆಕ್ಕ ಹಾಕಲಿಲ್ಲವೆಂದು ನಮಗೆ ತೋರುತ್ತದೆ. ಎಲ್ಲ ವರ್ಗಕ್ಕೂ ಮಟ್ಟ ಏರಲು ಒಂದೇ ಅಂಕ ಮಾಡಿದರು. ಪೆಟ್ಟು ಬಿದ್ದರೂ ಮಂತ್ರ ಉಳಿಸಿಕೊಳ್ಳುವ ಉಪಾಯವನ್ನು ಮಾಂತ್ರಿಕನಿಗೆ ಕಲಿಸಿದರು. ಅನುಚರರ ದಂಡನ್ನು, ಯಾರು ಬೇಕಾದರೂ ಆರಿಸಿಕೊಳ್ಳಬಹುದಾದ ಒಂದು ಫೀಟ್ ಆಗಿ ಮಾಡಿದರು. ಕಾದಾಳಿನ ಮನೋಬಲದ ದಾಳವನ್ನು ದುರ್ಬಲರ ಪಟ್ಟಿಗೆ ಸೇರಿಸಿದರು. ನಮ್ಮ ಹುಡುಗಿ ಎಡವಿದ್ದು ಇಲ್ಲಿಯೇ. ಅವನು ಸುಲಭವಾಗಿ ಕಲಿಯಬಹುದಾದ ಇತರ ವಿದ್ಯೆಗಳೆಂದರೆ ಹತ್ತುವುದು, ನೆಗೆಯುವುದು, ಈಜುವುದು, ಕುದುರೆ ಸವಾರಿ, ಇಂಥವು. ಕಿವಿಗೊಟ್ಟು ಕೇಳುವುದು, ಕಣ್ಣಿಟ್ಟು ನೋಡುವುದು ಆ ಪಟ್ಟಿಯಲ್ಲಿಲ್ಲ. ರಾತ್ರಿ ಪಹರೆಗೆ ನಿಲ್ಲಿಸುವುದು ಮಾತ್ರ ಅವನನ್ನೇ!

ಇದರಿಂದ ಎದ್ದ ಗೊಣಗಾಟಕ್ಕೆ ಉತ್ತರವಾಗಿ 2008ರಲ್ಲಿ ನಾಲ್ಕನೆಯ ಆವೃತ್ತಿ ಬಂತು. ಕಾದಾಳನ್ನು ರಕ್ಷಕನೆಂದು ಕರೆದು, ಶತ್ರುವನ್ನು ಗುರುತು ಹಾಕಿ ತಡೆಯುವ ಅಧಿಕಾರ ಕೊಟ್ಟರು. ಗುರುತಾದವನು ಬೇರೆಯವರ ಮೇಲೆ ಕೈಮಾಡಿದರೆ ಅವನ ದಾಳಕ್ಕೆ 2 ಕಡಿತ, ಪಕ್ಕದಲ್ಲಿಯೇ ಇದ್ದರೆ ಕಾದಾಳಿನಿಂದ ಒಂದು ಏಟು. ಜೊತೆಗೆ, ಬೇಕೆಂದಾಗ ಹಾಕುವ ಪಟ್ಟು, ಕಾಳಗಕ್ಕೊಮ್ಮೆ ಹಾಕುವ ಪಟ್ಟು, ದಿನಕ್ಕೊಮ್ಮೆ ಹಾಕುವ ಪಟ್ಟು, ಎಲ್ಲವೂ ಮಾಂತ್ರಿಕನಿಗೆ ಸರಿಸಮ. ಆಗ ಹಳಬರು ಏನೆಂದರು ಗೊತ್ತೇ? "ಇವನು ಕಾದಾಳಲ್ಲ, ಕತ್ತಿ ಹಿಡಿದ ಮಾಂತ್ರಿಕ" ಎಂದರು. ಪಂಕ್ತಿಯಲ್ಲಿ ಕಡೆಗೆ ಕೂತವನಿಗೆ ಒಂದು ದಿನ ಪಾಯಸ ಸರಿಯಾಗಿ ಬಡಿಸಿದರೆ ಮೊದಲು ಕೂತವರು ಹುಬ್ಬೇರಿಸುವಂತಾಯಿತು. ಅವರ ಮಾತಿನಲ್ಲಿ ಸತ್ಯವೇ ಇಲ್ಲವೆನ್ನಲಾರೆವು. ಪುಟ ತಿರುವಿದರೆ ಎಲ್ಲ ವರ್ಗಗಳೂ ಒಂದೇ ಅಚ್ಚಿನ ಇಟ್ಟಿಗೆಗಳಂತೆ ಕಾಣುತ್ತವೆ. ಆದರೂ ಕಾದಾಳಿಗೆ ಇಷ್ಟು ನ್ಯಾಯ ಹಿಂದೆಂದೂ ಸಿಕ್ಕಿರಲಿಲ್ಲ ಎಂಬುದು ನಮ್ಮ ಅಭಿಪ್ರಾಯ. ಅಳಿಯಂದಿರು ಇದನ್ನು ಒಪ್ಪುವುದಿಲ್ಲ. ಅಳಿಯಂದಿರೊಡನೆ ಎಷ್ಟು ವಾದಿಸಬೇಕೋ ಅಷ್ಟು ವಾದಿಸಿ ಬಿಟ್ಟೆವು.

ಐದನೆಯದು, ಸಾವಿರಾರು ಆಟಗಾರರಿಗೆ ಮೊದಲೇ ಕೊಟ್ಟು ಪರೀಕ್ಷಿಸಿ 2014ರಲ್ಲಿ ಹೊರತಂದದ್ದು, ಜಗಳವನ್ನು ಮೂರು ದಾರಿ ಮಾಡಿ ಬಗೆಹರಿಸಿತು. ಸುಮ್ಮನೆ ಹೊಡೆಯುವವರಿಗೆ ಚಾಂಪಿಯನ್. ಪಟ್ಟುಗಳು ಬೇಕೆನ್ನುವವರಿಗೆ ಬ್ಯಾಟಲ್ ಮಾಸ್ಟರ್. ಸ್ವಲ್ಪ ಮಂತ್ರವೂ ಇರಲಿ ಎನ್ನುವವರಿಗೆ ಎಲ್ಡ್ರಿಚ್ ನೈಟ್. 2024ರ ಪರಿಷ್ಕರಣದಲ್ಲಿ ಆಯುಧಕ್ಕೊಂದು ವರಸೆ ಬಂದಿದೆ: ಒಂದು ಎದುರಾಳಿಯನ್ನು ಕೆಡವಿದರೆ ಇನ್ನೊಂದು ಹಿಂದಕ್ಕೆ ನೂಕುತ್ತದೆ. ಕಾಳಗದ ಹೊರಗೂ ಕೈಗೂಡದ ಕೆಲಸಕ್ಕೆ ಅವನು ಇನ್ನೊಂದು ದಾಳ ಕೂಡಿಸಿಕೊಳ್ಳಬಹುದು. ಕೋಟೆ, ಕಂದಾಯ, ದಂಡು ಮಾತ್ರ ಅವನ ವರ್ಗದ ಹಕ್ಕಾಗಿ ಹಿಂದಿರುಗಿಲ್ಲ. ನಮ್ಮನ್ನು ಕೇಳಿದ್ದರೆ ಮೊದಲು ಅದನ್ನು ಕೊಡಿಸುತ್ತಿದ್ದೆವು. ತೋಳಿನ ಬಲದವನು ಮೇಲೇರಿದರೆ ಅವನ ಸುತ್ತ ಜನ ಕೂಡಬೇಕು. ಒಬ್ಬಂಟಿಯಾಗಿ ನಾಲ್ಕು ಏಟಿನ ಬದಲು ಐದು ಹಾಕುವುದರಲ್ಲಿ ಏನು ಸೊಗಸು?

ರಜೆ ಮುಗಿಯುವ ಮೊದಲು ಹೊಸ ಪುಸ್ತಕ ಮನೆಗೆ ಬಂತು. ದುಡ್ಡು ಯಾರದೆಂದು ಕೇಳಬೇಡಿ. ಕಥೆ ಅದೇ, ಪಾತ್ರಗಳನ್ನು ಆರನೆಯ ಮಟ್ಟದಿಂದ ಹೊಸದಾಗಿ ಬರೆದುಕೊಂಡರು. ಹುಡುಗಿ ಮಾಂತ್ರಿಕಳಾಗುತ್ತಾಳೆಂದು ನಾವು ಎಣಿಸಿದ್ದೆವು. "ಇಲ್ಲಜ್ಜಾ, ಫೈಟರೇ" ಎಂದಳು. ಬ್ಯಾಟಲ್ ಮಾಸ್ಟರ್ ಆರಿಸಿಕೊಂಡು, ಪಟ್ಟುಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದಳು. ಆ ಪುಸ್ತಕದಲ್ಲಿ ಕಾದಾಳಿಗೆ ಒಂಬತ್ತನೆಯ ಮಟ್ಟದಲ್ಲಿ ಇಂಡಾಮಿಟಬಲ್ ಎಂಬುದೊಂದು ದೊರೆಯುತ್ತದೆ; ಮಂತ್ರ ತಡೆಯುವ ದಾಳ ಸೋತರೆ ತನ್ನ ಮಟ್ಟದಷ್ಟು ಅಂಕ ಸೇರಿಸಿ ಇನ್ನೊಮ್ಮೆ ಎಸೆಯಬಹುದು. ಈಗ ಶಾಲೆ ಶುರುವಾಗಿದೆ, ಆಟ ಭಾನುವಾರಕ್ಕೆ ಇಳಿದಿದೆ. ಅವಳದು ಎಂಟನೆಯ ಮಟ್ಟ. ಶನಿವಾರ ರಾತ್ರಿಯಾದರೆ ಅಪ್ಪನ ಬೆನ್ನು ಹತ್ತಿ, ಆ ಮಂತ್ರವಾದಿ ಈಗ ಎಲ್ಲಿದ್ದಾನೆ, ಸತ್ತಿಲ್ಲ ತಾನೆ, ಎಂದು ವಿಚಾರಿಸುತ್ತಾಳೆ.