ಗೌರವಧನ ಅಲ್ಲ, ಅದು ನಮ್ಮ ಕೂಲಿ

ಮಾನ್ಯ ಸಂಪಾದಕರೇ,

ಪತ್ರಿಕಾ ದಿನದ ನಿಮ್ಮ ವಿಶೇಷ ಪುಟದಲ್ಲಿ ಹಿರಿಯ ಪತ್ರಕರ್ತರೊಬ್ಬರು, ಹವ್ಯಾಸಿ ಪತ್ರಕರ್ತರಿಗೆ ಮಾಲೀಕರೇ ಇಲ್ಲ, ಹಾಗಾಗಿ ಅವರಿಗೆ ಸಂಘದ ಅಗತ್ಯವೂ ಇಲ್ಲ ಎಂಬರ್ಥದ ಮಾತು ಬರೆದಿದ್ದಾರೆ. ಅವರ ಅನುಭವದ ಮೇಲೆ ನನಗೆ ಗೌರವವಿದೆ. ಆದರೆ ಈ ಮಾತನ್ನು ಒಪ್ಪಲಾರೆ.

ನನ್ನ ತಕರಾರು ‘ಹವ್ಯಾಸಿ’ ಎಂಬ ಪದದಿಂದಲೇ ಶುರುವಾಗುತ್ತದೆ. ಸಂಬಳದ ನೌಕರಿಯಿಲ್ಲದೆ ಬರವಣಿಗೆಯಿಂದಲೇ ಬದುಕುವವರನ್ನು ಕನ್ನಡದಲ್ಲಿ ಹಾಗೆ ಕರೆಯುವುದು ರೂಢಿಯಾಗಿದೆ. ಅಂಚೆಚೀಟಿ ಕೂಡಿಡುವುದು ಹವ್ಯಾಸ, ಸಂಜೆ ವೀಣೆ ಕಲಿಯುವುದು ಹವ್ಯಾಸ. ಹದಿನಾರು ವರ್ಷದಿಂದ ಮನೆ ಬಾಡಿಗೆ, ಮಗನ ಶಾಲೆಯ ಫೀಸು ಎಲ್ಲವನ್ನೂ ಇದರಿಂದಲೇ ಕಟ್ಟುತ್ತಿರುವ ನನಗೆ ಇದು ಹವ್ಯಾಸ ಹೇಗಾದೀತು? ನಮಗೆ ಬರಬೇಕಾದ ಹಣಕ್ಕೂ ಅಂಥದೇ ಹೆಸರುಗಳು: ಸಂಭಾವನೆ, ಗೌರವಧನ. ಗಾರೆ ಕೆಲಸದವರ ಕೂಲಿ ಬಾಕಿ ಉಳಿಸಿಕೊಂಡವರನ್ನು ಊರೇ ಕೇಳುತ್ತದೆ. ಗೌರವಧನ ತಡವಾದರೆ ಕೇಳುವವರಿಲ್ಲ, ಕೇಳಿದವರೇ ಸಣ್ಣವರಾಗುತ್ತಾರೆ.

ಅಡಿಕೆಯ ಎಲೆಚುಕ್ಕಿ ರೋಗ ಮಲೆನಾಡನ್ನು ಹಿಂಡುತ್ತಿದ್ದ ಕಾಲದಲ್ಲಿ ಒಂದು ನಿಯತಕಾಲಿಕದವರು ಫೋನ್ ಮಾಡಿ ವಿಶೇಷ ವರದಿ ಕೇಳಿದರು. ಮೂರು ಸಾವಿರ ರೂಪಾಯಿ ಎಂದರು. ಎಲ್ಲವೂ ಬಾಯಿಮಾತು. ಆಗುಂಬೆ ಕಡೆಯ ತೋಟಗಳಲ್ಲಿ ಎರಡು ದಿನ ಸುತ್ತಿದೆ. ಸೋಗೆ ಒಣಗಿ ಜೋತುಬಿದ್ದ ಮರಗಳ ಕೆಳಗೆ ನಿಂತು, ಔಷಧಿ ಹೊಡೆಸಲು ಮರ ಹತ್ತುವ ಕೊನೆಗಾರರೂ ಸಿಗುತ್ತಿಲ್ಲ ಎಂದ ಬೆಳೆಗಾರರ ಮಾತು ಬರೆದುಕೊಂಡೆ. ಸ್ಕೂಟರಿನ ಪೆಟ್ರೋಲ್ ನನ್ನದು, ಕ್ಯಾಮೆರಾ ನನ್ನದು, ಇಂಬಳ ಕಚ್ಚಿದ ಕಾಲೂ ನನ್ನದೇ. ಸಾವಿರದ ಎಂಟುನೂರು ಪದ, ಆರು ಫೋಟೊ. ಮುಖಪುಟದಲ್ಲೇ ಶೀರ್ಷಿಕೆ ಬಂತು.

ನನ್ನ ಹತ್ತಿರ ಗೆರೆ ಹೊಡೆದ ಒಂದು ಲೆಕ್ಕದ ಪುಸ್ತಕವಿದೆ. ಲೇಖನದ ಹೆಸರು, ಕಳಿಸಿದ ದಿನ, ಅಚ್ಚಾದ ದಿನ, ಒಪ್ಪಿದ ಹಣ, ಬಂದ ದಿನ ಎಂದು ಐದು ಕಲಂ. ಆ ವರದಿಯ ಸಾಲಿನಲ್ಲಿ ಕೊನೆಯ ಕಲಂ ಇಂದಿಗೂ ಖಾಲಿ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ನಾನು ಫೋನ್ ಮಾಡಿದ ದಿನಗಳಿವೆ, ಒಟ್ಟು ಹನ್ನೊಂದು. ವೋಚರ್ ಹೋಗಿದೆ ಎಂದರು, ಅಕೌಂಟ್ಸ್‌ನವರು ರಜೆಯಲ್ಲಿದ್ದಾರೆ ಎಂದರು, ಮುಂದಿನ ತಿಂಗಳು ಖಂಡಿತ ಎಂದರು. ಹನ್ನೊಂದನೇ ಸಲದ ನಂತರ ಅಲ್ಲಿಂದ ನನಗೆ ಕೆಲಸ ಬರುವುದೂ ನಿಂತಿತು. ಮೂರು ಸಾವಿರ ಹೋಗಿದ್ದಕ್ಕಿಂತ ಇದು ನನ್ನನ್ನು ಹೆಚ್ಚು ಕುಗ್ಗಿಸಿತು. ಹಕ್ಕಿನದನ್ನು ಕೇಳಿ ಜಗಳಗಂಟಿ ಎನ್ನಿಸಿಕೊಂಡೆ.

ಒಬ್ಬೊಬ್ಬರೇ ಕೇಳಬೇಕಾಗಿ ಬಂದಾಗ ಆಗುವುದು ಹೀಗೆ. ನಮಗೆ ಮಾಲೀಕರಿಲ್ಲ ಎಂಬುದೂ ಸರಿಯಲ್ಲ. ಹತ್ತು ಕಡೆ ಮಾಲೀಕರಿದ್ದಾರೆ, ಹತ್ತರಲ್ಲಿ ಒಂದು ಕಡೆಯೂ ನಮ್ಮ ಹೆಸರು ಹಾಜರಿ ಪುಸ್ತಕದಲ್ಲಿಲ್ಲ, ಅಷ್ಟೇ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ಅರೆಕಾಲಿಕ ಪತ್ರಕರ್ತರನ್ನೂ ಒಳಗೆ ಸೇರಿಸಿಕೊಂಡಿತ್ತು, ಆದರೆ ಅವರು ನೇಮಕಗೊಂಡಿರಬೇಕಿತ್ತು. ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆ ಟಿ.ವಿ. ಮತ್ತು ಡಿಜಿಟಲ್ ಮಾಧ್ಯಮದವರಿಗೂ ಜಾಗ ಕೊಟ್ಟಿದೆ. ನೇಮಕ ಪತ್ರವೇ ಇಲ್ಲದ ನಾವು ಅಲ್ಲೂ ಹೊಸ್ತಿಲಾಚೆಯೇ.

ಹಾಗಾದರೆ ನಮ್ಮಂಥ ಬಿಡಿ ಬರಹಗಾರರಿಗೆ ಸಂಘ ಏನು ಮಾಡಬಲ್ಲದು? ಅಮೆರಿಕದಲ್ಲಿ ನ್ಯಾಷನಲ್ ರೈಟರ್ಸ್ ಯೂನಿಯನ್ ಎಂಬ ಸಂಘ 1981ರಿಂದ ಇದೆ. ನೌಕರಿಯಿಲ್ಲದೆ ಬರೆಯುವವರೇ ಅದರ ಬೆನ್ನೆಲುಬು. ಬರವಣಿಗೆಯ ಆದಾಯ ನೋಡಿ ಚಂದಾ. ಕಡಿಮೆ ದುಡಿಯುವವರಿಗೆ ಕಡಿಮೆ. ಪ್ರಕಾಶಕರು ಕಳಿಸಿದ ಕರಾರನ್ನು ಸಹಿ ಮಾಡುವ ಮೊದಲು ತೋರಿಸಿದರೆ, ತರಬೇತಿ ಪಡೆದ ಸದಸ್ಯರು ಓದಿ ಎಲ್ಲಿ ಮುಳ್ಳಿದೆ ಎಂದು ಹೇಳುತ್ತಾರೆ. ಹಣ ಬಾಕಿಯಾದರೆ ಸಂಘವೇ ಪತ್ರ ಬರೆಯುತ್ತದೆ. ಬರಹಗಾರರು ಹನ್ನೊಂದು ಸಲ ಫೋನ್ ಮಾಡಿ ಕೆಟ್ಟವರಾಗಬೇಕಿಲ್ಲ.

ಒಂದು ಉದಾಹರಣೆ ನೋಡಿ. ಷಿಕಾಗೊದಲ್ಲಿ 1945ರಲ್ಲಿ ಹುಟ್ಟಿದ ‘ಎಬೊನಿ’ ಕಪ್ಪು ಸಮುದಾಯದ ಬಹಳ ದೊಡ್ಡ ಹೆಸರಿನ ಪತ್ರಿಕೆ. ಅದಕ್ಕೆ ಬರೆಯುವುದೇ ಹೆಮ್ಮೆ ಎಂದುಕೊಂಡಿದ್ದವರಿಗೆ ಅದು ಹಣ ಕೊಡದೆ ಉಳಿಸಿಕೊಂಡಿತು. 2017ರಲ್ಲಿ ಬರಹಗಾರರು ಸಾಮಾಜಿಕ ಜಾಲತಾಣದಲ್ಲಿ ಬಹಿರಂಗವಾಗಿ ಬಾಕಿ ಕೇಳತೊಡಗಿದರು. ಈ ಸಂಘ ಅವರನ್ನೆಲ್ಲ ಒಟ್ಟು ಮಾಡಿ ಕೋರ್ಟಿಗೆ ಹೋಯಿತು. ಮರುವರ್ಷ ನಲವತ್ತಕ್ಕೂ ಹೆಚ್ಚು ಜನರಿಗೆ ಸುಮಾರು 80 ಸಾವಿರ ಡಾಲರ್ ಕೊಡುವುದಾಗಿ ಪತ್ರಿಕೆ ರಾಜಿಗೆ ಬಂತು. ಒಬ್ಬೊಬ್ಬರ ಬಾಕಿ ವಕೀಲರ ಶುಲ್ಕಕ್ಕೂ ಸಾಲದಷ್ಟು ಸಣ್ಣದಾಗಿದ್ದಿರಬಹುದು. ಕೂಡಿಸಿದಾಗ ಅದೇ ಒಂದು ಮೊಕದ್ದಮೆಯಾಯಿತು.

ಇದೇ ಸಂಘದ ಅಧ್ಯಕ್ಷರಾಗಿದ್ದ ಜೊನಾಥನ್ ಟಸಿನಿ ಮತ್ತು ಜೊತೆಗಾರರು, ತಮ್ಮ ಬರಹಗಳನ್ನು ಕೇಳದೆ ಕಂಪ್ಯೂಟರ್ ಸಂಗ್ರಹಗಳಿಗೆ ಕೊಟ್ಟರೆಂದು ನ್ಯೂಯಾರ್ಕ್ ಟೈಮ್ಸ್ ಮೊದಲಾದವರ ಮೇಲೆ ದಾವೆ ಹೂಡಿ 2001ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಗೆದ್ದ ಕೂಡಲೇ ಹಣ ಬಂತು ಎಂದಲ್ಲ. ಪತ್ರಿಕೆ ಅನೇಕ ಬಿಡಿ ಬರಹಗಳನ್ನು ಸಂಗ್ರಹದಿಂದಲೇ ತೆಗೆದುಹಾಕಿತು. ಸಂಘವಿದ್ದರೆ ಎಲ್ಲವೂ ಸಲೀಸು ಎಂದು ನಾನೂ ಹೇಳುತ್ತಿಲ್ಲ. ಬಿಡಿ ಬರಹಗಾರರೆಲ್ಲ ಸೇರಿ ದರ ಗೊತ್ತುಮಾಡಿದರೆ ಅಲ್ಲಿನ ಸ್ಪರ್ಧಾ ಕಾನೂನೇ ಅಡ್ಡ ಬರುತ್ತದೆ. ಅದಕ್ಕೇ ಅಲ್ಲಿನ ಸಂಘಟನೆಗಳು ಶಾಸನದ ದಾರಿಯನ್ನೂ ಹಿಡಿದವು. ನ್ಯೂಯಾರ್ಕ್ ನಗರದಲ್ಲಿ 2017ರ ಮೇ ತಿಂಗಳಿಂದ, 800 ಡಾಲರ್ ಮತ್ತು ಮೇಲ್ಪಟ್ಟ ಬಿಡಿ ಕೆಲಸಕ್ಕೆ ಲಿಖಿತ ಕರಾರು ಇರಲೇಬೇಕು. ದಿನ ಗೊತ್ತುಮಾಡದಿದ್ದರೆ ಕೆಲಸ ಮುಗಿದ 30 ದಿನದೊಳಗೆ ಹಣ ಕೊಡಬೇಕು. ಹಣ ಕೇಳಿದವರಿಗೆ ಕಿರುಕುಳ ಕೊಡುವಂತಿಲ್ಲ. 2024ರಲ್ಲಿ ಇಲಿನಾಯ್‌ನಲ್ಲಿ, ಆಮೇಲೆ ಇಡೀ ನ್ಯೂಯಾರ್ಕ್ ರಾಜ್ಯದಲ್ಲಿ ಇಂಥ ಕಾನೂನು ಬಂತು.

ಅದು ಅಮೆರಿಕ, ಇಲ್ಲಿ ನಡೆಯದು ಎನ್ನುವವರಿಗೆ ಒಂದು ಮಾತು. ನಮ್ಮಲ್ಲಿ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯಿದೆ. ಉದ್ಯಮ ನೋಂದಣಿ ಮಾಡಿಸಿಕೊಂಡ ಸಣ್ಣ ಸೇವಾದಾರರಿಗೆ, ಲಿಖಿತ ಕರಾರು ಇದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೇಳಲು ರಾಜ್ಯದಲ್ಲೇ ಮಂಡಳಿ ಇರುತ್ತದೆ. ಈ ನೋಂದಣಿಗೆ ಬಳಸುವ ಕೇಂದ್ರದ ಕೈಗಾರಿಕಾ ವರ್ಗೀಕರಣದ ಪಟ್ಟಿಯಲ್ಲಿ ಸ್ವತಂತ್ರ ಪತ್ರಕರ್ತರ ಕೆಲಸಕ್ಕೂ ಜಾಗವಿದೆ. ನೋಂದಣಿಗೆ ಶುಲ್ಕವಿಲ್ಲ, ಆದರೆ ಕೆಲಸ ಒಪ್ಪಿಸುವ ಮೊದಲೇ ಮಾಡಿಸಿರಬೇಕು. ಇದು ನನಗೆ ತಿಳಿದದ್ದು ಅಡಿಕೆ ವರದಿ ಅಚ್ಚಾಗಿ ವರ್ಷ ಕಳೆದ ಮೇಲೆ, ಅದೂ ತೆರಿಗೆ ಸಲಹೆಗಾರರೊಬ್ಬರ ಬಾಯಲ್ಲಿ. ಸಂಘವೊಂದು ನನಗೆ ಮೊದಲ ದಿನವೇ ಹೇಳಬಹುದಾಗಿದ್ದ ವಿಷಯ ಇದು.

ನಮ್ಮ ರಾಜ್ಯ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ಮಾಡಿತು. ಊಟ ತಲುಪಿಸುವ ಹುಡುಗರನ್ನು, ಟ್ಯಾಕ್ಸಿ ಓಡಿಸುವವರನ್ನು ಕಾರಣ ಹೇಳದೆ ಆ್ಯಪ್‌ನಿಂದ ಕಿತ್ತುಹಾಕುವಂತಿಲ್ಲ. ಅವರ ಕಲ್ಯಾಣಕ್ಕೆ ಕಂಪನಿಗಳು ಹಣ ಕಟ್ಟಬೇಕು. ಆ ಕಾರ್ಮಿಕರು ವರ್ಷಗಟ್ಟಲೆ ಸಂಘ ಕಟ್ಟಿ ಬೀದಿಗಿಳಿದದ್ದಕ್ಕೆ ಅದು ಬಂತು. ಅವರ ಹೋರಾಟದ ಸುದ್ದಿ ಬರೆದವರಲ್ಲಿ ನಮ್ಮಂಥ ಬಿಡಿ ಬರಹಗಾರರೂ ಇದ್ದೆವು.

ಸಣ್ಣ ಕನ್ನಡ ಪತ್ರಿಕೆಗಳು ಇದನ್ನೆಲ್ಲ ತಾಳಲಾರವು, ಮುಚ್ಚಿಹೋಗುತ್ತವೆ ಎಂಬ ಮಾತು ಬರುತ್ತದೆಂದು ನನಗೆ ಗೊತ್ತು. ಹಣ ಕೊಡಲಾರೆವು ಎಂದು ಮೊದಲೇ ಹೇಳುವ ಸಾಹಿತ್ಯ ಪತ್ರಿಕೆಗಳಿಗೆ ನಾನು ಪ್ರೀತಿಯಿಂದ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ. ಕೊಡುತ್ತೇವೆ ಎಂದು ಕೆಲಸ ಮಾಡಿಸಿಕೊಂಡು ಕೊಡದಿರುವುದು ಬೇರೆ. ಕಾಗದದ ಅಂಗಡಿಗೆ, ಮುದ್ರಣಾಲಯಕ್ಕೆ ಹಣ ಕೊಟ್ಟ ಮೇಲೆ ಉಳಿದರೆ ಬರೆದವರಿಗೆ ಎನ್ನುವ ಕ್ರಮ ಬದಲಾಗಬೇಕು.

ನಮ್ಮ ಪತ್ರಕರ್ತರ ಸಂಘಗಳಲ್ಲಿ ನನ್ನ ವಿನಂತಿ ಇಷ್ಟು. ನೇಮಕ ಪತ್ರ ಕೇಳದೆ, ಅಚ್ಚಾದ ಬರಹಗಳನ್ನೇ ಆಧಾರವಾಗಿಟ್ಟುಕೊಂಡು ನಮಗೆ ಸದಸ್ಯತ್ವ ಕೊಡಿ. ಜಿಲ್ಲೆಗೊಬ್ಬರು ಬಾಕಿ ವಸೂಲಿಯ ಪತ್ರ ಬರೆಯುವವರಿರಲಿ. ಒಂದು ಪುಟದ ಸರಳ ಕನ್ನಡ ಕರಾರಿನ ನಮೂನೆ ಸಿದ್ಧಪಡಿಸಿ.

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ. ಹೊರಗಿನವರ ಲೇಖನಕ್ಕೆ, ಫೋಟೊಗೆ ನಿಮ್ಮ ಪತ್ರಿಕೆ ಕೊಡುವ ದರ ಎಷ್ಟು, ಅಚ್ಚಾದ ಎಷ್ಟು ದಿನಕ್ಕೆ ಕೊಡುತ್ತೀರಿ ಎಂಬುದನ್ನು ಇದೇ ಪುಟದಲ್ಲಿ ಪ್ರಕಟಿಸಿ.

ಇತಿ,
ಬಿಡಿ ಬರಹಗಾರ್ತಿ, ತೀರ್ಥಹಳ್ಳಿ