ಸದಸ್ಯನು ಗ್ರಾಹಕನಾದಾಗ

ಪ್ರತಿಯೊಬ್ಬನೂ ತನ್ನ ಲಾಭವನ್ನು ನೋಡಿಕೊಂಡರೆ ಸಾಕು, ಸಮಾಜದ ಲಾಭವು ತಾನಾಗಿಯೇ ಸಿದ್ಧಿಸುವುದೆಂಬ ಮಾತು ಇಂದು ಪುಸ್ತಕದ ವಾದವಾಗಿ ಉಳಿದಿಲ್ಲ. ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ಮನೆಮನೆಯ ದಿನಚರಿಯಾಗಿದೆ. ಶ್ರಾವಕ ಕುಟುಂಬಗಳು ಇದಕ್ಕೆ ಹೊರತಲ್ಲ. ಬೆಳಿಗ್ಗೆ ಬಸದಿಯಲ್ಲಿ ಅಪರಿಗ್ರಹದ ಉಪದೇಶವನ್ನು ಕೇಳಿದವರು ಮಧ್ಯಾಹ್ನ ಎಲ್ಲಿ ಬಡ್ಡಿ ಹೆಚ್ಚು, ಎಲ್ಲಿ ಬೆಲೆ ಕಡಿಮೆ ಎಂಬ ಎರಡೇ ಪ್ರಶ್ನೆಗಳಿಂದ ಸಂಸಾರವನ್ನು ನಡೆಸುತ್ತಾರೆ. ವರ್ಷಕ್ಕೊಮ್ಮೆ ದಾನ ಕೊಡುತ್ತೇವಲ್ಲ ಎಂಬ ಸಮಾಧಾನವೂ ಸಿದ್ಧವಾಗಿರುತ್ತದೆ.

ದಾನವು ಗಳಿಕೆಯ ಅನಂತರದ ಮಾತು. ಶಾಸ್ತ್ರಕಾರರು ಗಳಿಸುವಾಗಲೇ ಕೈಹಿಡಿದು ನಿಲ್ಲಿಸಿದ್ದಾರೆ. ಅಚೌರ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ ಅತಿಚಾರಗಳನ್ನು ಗಮನಿಸಬೇಕು. ಕಳವಿನ ಮಾಲನ್ನು ಕೊಳ್ಳುವುದು, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಕಲಬೆರಕೆ. ಇವೆಲ್ಲ ಪೇಟೆಯಲ್ಲಿ ನಡೆಯತಕ್ಕವು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ಅದು ಎತ್ತಿನ ಬೆನ್ನಿಗೆ ಮಾತ್ರ ಅನ್ವಯಿಸುತ್ತದೆಂದು ತಿಳಿದವರು ಬಿ.ಟಿ.ಎಂ. ಬಡಾವಣೆಯ ರಸ್ತೆಯಲ್ಲಿ, ಕೆಲವೇ ನಿಮಿಷಗಳಲ್ಲಿ ಸೊಪ್ಪು ಮೊಸರು ತಲುಪಿಸಲು ಪ್ರಾಣವನ್ನು ಪಣಕ್ಕಿಟ್ಟು ಓಡುವ ಸ್ಕೂಟರಿನ ಹುಡುಗನನ್ನು ಒಮ್ಮೆ ನೋಡಲಿ. ಇಂಥವರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕವು 2025ರಲ್ಲಿ ಕಾಯಿದೆಯನ್ನೇ ರಚಿಸಬೇಕಾಯಿತು. ಅವಸರವಾಗಿ ಬೇಕೆಂದವರು ಯಾರು ಎಂಬುದನ್ನು ಕಾಯಿದೆ ಕೇಳುವುದಿಲ್ಲ, ವ್ರತವು ಕೇಳುತ್ತದೆ.

ಬೇರೆ ದಾರಿಯನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಇಂದು ಇವರ ಹೊಲದಲ್ಲಿ, ನಾಳೆ ಅವರ ಹೊಲದಲ್ಲಿ ಎಂದು ಕೂಲಿಯಿಲ್ಲದೆ ದುಡಿಯುವ ಮುಯ್ಯಾಳಿನ ಪದ್ಧತಿಯನ್ನು ನಮ್ಮ ಹಳ್ಳಿಗಳು ಯಾವ ಅರ್ಥಶಾಸ್ತ್ರಜ್ಞನಿಂದಲೂ ಕಲಿಯಲಿಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಕೃಷಿಪತ್ತಿನ ಸಹಕಾರ ಸಂಘವನ್ನು ಕಟ್ಟಿದಾಗ ಅದೇ ಬುದ್ಧಿಯು ಲೆಕ್ಕಪುಸ್ತಕದ ರೂಪವನ್ನು ತಾಳಿತು. ಷೇರು ಎಷ್ಟೇ ಇರಲಿ, ಸದಸ್ಯನಿಗೆ ಒಂದೇ ಮತ ಎಂಬುದು ಸಹಕಾರದ ಜೀವಾಳ. ಹಣಕ್ಕೆ ಮತವಿಲ್ಲ, ಮನುಷ್ಯನಿಗೆ ಇದೆ.

ದಕ್ಷಿಣ ಬೆಂಗಳೂರಿನವರಿಗೆ ಲಾಲ್‌ಬಾಗಿನ ಹಾಪ್‌ಕಾಮ್ಸ್ ಇನ್ನೂ ಹತ್ತಿರದ ಸಾಕ್ಷಿ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿ, ಮುಂದೆ ಎಲ್ಲ ಹಣ್ಣು ತರಕಾರಿಗಳಿಗೆ ವಿಸ್ತರಿಸಿದ ಸಂಸ್ಥೆಯದು. ರೈತನು ತಂದ ಮಾಲನ್ನು ದಲ್ಲಾಳಿಯಿಲ್ಲದೆ ತೂಗಿ ಕೊಂಡು, ದಿನದಿನದ ದರಪಟ್ಟಿಯಂತೆ ಮಳಿಗೆಗಳಲ್ಲಿ ಮಾರುವುದು ಅದರ ಕ್ರಮ. ಗೃಹಿಣಿಯೊಡನೆ ಚೌಕಾಸಿಯಿಲ್ಲ, ರೈತನಿಗೆ ಮಂಡಿಯ ಕಮಿಷನ್ನಿನ ಕಾಟವಿಲ್ಲ. ಆ ಮಳಿಗೆಗಳಲ್ಲಿ ಹಲವು ಈಗ ಮುಚ್ಚಿವೆ. ಆಡಳಿತದ ಆಲಸ್ಯ, ಬಾಡಿದ ಸೊಪ್ಪು ಇವೆಲ್ಲ ಕಾರಣಗಳೇ, ಅಲ್ಲವೆನ್ನಲಾಗದು. ಆದರೆ ಮಳಿಗೆಯ ಎದುರುಮನೆಯವರೇ ಎರಡು ರೂಪಾಯಿಯ ರಿಯಾಯಿತಿಗಾಗಿ ಮೊಬೈಲಿನ ಅಂಗಡಿಗೆ ಹೋದದ್ದೂ ಕಾರಣವೇ. 2023ರಲ್ಲಿ ಅಮುಲ್ ಹಾಲು ಬೆಂಗಳೂರಿಗೆ ಬರುವುದೆಂದಾಗ ನಂದಿನಿಯ ಪರವಾಗಿ ಎದ್ದ ಕೂಗು ಸಂತೋಷದ್ದೇ. ಆದರೆ ಎರಡೂ ಹಾಲು ಉತ್ಪಾದಕರ ಸಹಕಾರ ಸಂಸ್ಥೆಗಳೆಂಬುದು ಆ ಗದ್ದಲದಲ್ಲಿ ಎಷ್ಟು ಜನರಿಗೆ ನೆನಪಿತ್ತು? ಸಹಕಾರವನ್ನು ಸಮರ್ಥಿಸುವಾಗಲೂ ಬಹುಮಂದಿ ಲೇಬಲನ್ನೇ ಸಮರ್ಥಿಸಿದರು.

ಸಹಕಾರವೆಂದರೆ ಮೋಸ, ರಾಜಕೀಯ ಎಂದು ಹೇಳುವವರು ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನತ್ತ ಬೆರಳು ತೋರಿಸುತ್ತಾರೆ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಅಲ್ಲಿ ಹಣ ಹಿಂಪಡೆಯುವುದನ್ನು 35,000 ರೂಪಾಯಿಗೆ ಮಿತಿಗೊಳಿಸಿದಾಗ ನಿವೃತ್ತಿಯ ಗಂಟನ್ನು ಅಲ್ಲಿಟ್ಟ ಹಿರಿಯರು ಬೀದಿಯಲ್ಲಿ ನಿಂತು ಕಣ್ಣೀರಿಟ್ಟರು. ಆಡಳಿತದವರ ಹೊಣೆಯನ್ನು ನ್ಯಾಯಾಲಯವು ನಿರ್ಣಯಿಸಲಿ. ನೊಂದವರನ್ನು ದೂಷಿಸುವುದು ಅನುಚಿತ. ಆದರೂ ಒಂದು ಮಾತನ್ನು ಹೇಳಲೇಬೇಕು. ಆ ಬ್ಯಾಂಕು ಜನರನ್ನು ಸೆಳೆದದ್ದು ಉಳಿದ ಬ್ಯಾಂಕುಗಳಿಗಿಂತ ಹೆಚ್ಚಿನ ಬಡ್ಡಿಯಿಂದ. ಠೇವಣಿ ಇಟ್ಟವರೆಲ್ಲರೂ ಸದಸ್ಯರಲ್ಲ, ನಿಜ. ಸದಸ್ಯರಾದವರಾದರೂ ವಾರ್ಷಿಕ ಮಹಾಸಭೆಗೆ ಹೋಗಿ, ಈ ಸಾಲವನ್ನು ಯಾರಿಗೆ, ಯಾವ ಆಧಾರದ ಮೇಲೆ ಕೊಟ್ಟಿರಿ ಎಂದು ಕೇಳುವ ಪದ್ಧತಿ ನಮ್ಮ ಯಾವ ಸಂಘದಲ್ಲಿ ಉಳಿದಿದೆ? ಸದಸ್ಯನು ಗ್ರಾಹಕನಾಗಿ ಕುಳಿತಲ್ಲಿ ಸಹಕಾರದ ಫಲಕ ಮಾತ್ರ ಉಳಿಯುತ್ತದೆ. ಒಳಗೆ ನಡೆಯುವುದು ಪೇಟೆಯೇ. ಅಲ್ಲಿ ಸೋತದ್ದು ಪರಸ್ಪರೋಪಗ್ರಹದ ತತ್ತ್ವವೆಂದು ಹೇಳುವುದು, ಬಿತ್ತದ ಹೊಲದಲ್ಲಿ ಬೆಳೆ ಬರಲಿಲ್ಲವೆಂದು ಬೀಜವನ್ನು ಬೈದಂತೆ. ಗೃಹನಿರ್ಮಾಣ ಸಹಕಾರ ಸಂಘಗಳ ಕಥೆಯೂ ಬೇರೆಯಲ್ಲ: ಸಂಘದ ದರದಲ್ಲಿ ನಿವೇಶನವನ್ನು ಪಡೆದು ಪೇಟೆಯ ದರದಲ್ಲಿ ಮಾರಿದವರು ಈ ಬಡಾವಣೆಗಳಲ್ಲಿ ಕಡಿಮೆಯಿಲ್ಲ.

ಬಸದಿಗಳ, ಮಂದಿರಗಳ ಟ್ರಸ್ಟುಗಳು ಈ ವಿಷಯದಲ್ಲಿ ಮೌನವಾಗಿರುವುದು ಆಶ್ಚರ್ಯಕರ. ಪಾಠಶಾಲೆಯ ಮಕ್ಕಳಿಗೆ ಅಣುವ್ರತಗಳನ್ನು ಬಾಯಿಪಾಠ ಮಾಡಿಸುವ ಟ್ರಸ್ಟು ತನ್ನ ನಿಧಿಯನ್ನು ತೊಡಗಿಸುವಾಗ ಕೇಳುವುದು ಬಡ್ಡಿಯ ದರವೊಂದನ್ನೇ. ಚಾತುರ್ಮಾಸ್ಯದಲ್ಲಿ, ದಶಲಕ್ಷಣ ಪರ್ವದಲ್ಲಿ ಅಡುಗೆಮನೆಗೆ ಬರುವ ಧಾನ್ಯ, ಹಣ್ಣು, ಹಾಲು ಎಷ್ಟೆಂಬುದು ಖಜಾಂಚಿಗಳಿಗೆ ಗೊತ್ತಿದೆ. ಅದನ್ನು ಯಾರಿಂದ ಕೊಳ್ಳಲಾಯಿತು, ಬೆಳೆದವನ ಕೈಗೆ ಎಷ್ಟು ಸೇರಿತು, ಹೊತ್ತು ತಂದ ಹಮಾಲಿಗೆ ಏನು ಸಂದಿತು ಎಂಬುದು ಎಷ್ಟು ವಾರ್ಷಿಕ ವರದಿಗಳಲ್ಲಿದೆ? ಮುಂದಿನ ಮಹಾಸಭೆಯಲ್ಲಿ ಶ್ರಾವಕರು ಈ ಮೂರು ಪ್ರಶ್ನೆಗಳನ್ನು ಲಿಖಿತವಾಗಿ ಕೇಳಲಿ. ಉತ್ತರಕ್ಕೆ ಬೇಕಾದ ರಸೀತಿಗಳು ಟ್ರಸ್ಟಿನ ಕಪಾಟಿನಲ್ಲಿಯೇ ಇವೆ.